ಪವರ್ ಸ್ವಿಚ್ ಆರಿಸುವಾಗ ಆಂಪಿಯರ್ ಅಂಕಿಯೊಂದನ್ನೇ ನಂಬಬೇಡಿ

ಬ್ಯಾಟರಿಯಿಂದ ನಡೆಯುವ ಒಂದು ಮಾಪನ ಉಪಕರಣದಲ್ಲಿ, ಗಂಟೆಗೊಮ್ಮೆ ಮಾತ್ರ ಕೆಲಸವಿರುವ ರೇಡಿಯೋ ಮಾಡ್ಯೂಲಿಗೆ ಉಳಿದ ಹೊತ್ತು ವಿದ್ಯುತ್ತನ್ನೇ ಕಡಿದುಬಿಡಬೇಕೆಂದು ನಾನು ಪಿ-ಚಾನೆಲ್ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚೊಂದನ್ನು ಬಳಸಿದ್ದೆ. ಮಾಡ್ಯೂಲ್ ಎಳೆಯುವುದು ಹೆಚ್ಚೆಂದರೆ 0.3 ಆಂಪಿಯರ್, ಮಾಸ್‌ಫೆಟ್ ತಾಳುವುದು 4 ಆಂಪಿಯರ್. 3.3 ವೋಲ್ಟಿನ ಗೇಟಿಗೆ (ನಿಯಂತ್ರಣದ ಕಾಲಿಗೆ) ಅದು ಪೂರ್ತಿ ತೆರೆದುಕೊಂಡು ವಿದ್ಯುತ್ತನ್ನು ಹರಿಯಬಿಡುತ್ತದೆಯೇ ಎಂಬುದನ್ನೂ ತಯಾರಕರ ಡೇಟಾಶೀಟಿನಲ್ಲಿ ನೋಡಿ, ಧೈರ್ಯವಾಗಿ ಬೋರ್ಡುಗಳನ್ನು ಮಾಡಿಸಿದೆ. ನೋಡದೆ ಬಿಟ್ಟದ್ದು ಅದು ಎಷ್ಟು ವೇಗವಾಗಿ ತೆರೆದುಕೊಳ್ಳುತ್ತದೆ ಎಂಬುದನ್ನು.

ಮೇಜಿನ ಮೇಲೆ ಎರಡೆರಡು ಸೆಕೆಂಡಿಗೊಮ್ಮೆ ಆನ್-ಆಫ್ ಮಾಡಿ ಇಡೀ ದಿನ ಪರೀಕ್ಷಿಸಿದರೂ ಒಂದು ತಪ್ಪೂ ಕಾಣಲಿಲ್ಲ. ಅಂತಿಮ ಪ್ರೋಗ್ರಾಂ ಹಾಕಿದ ಮೇಲೆ ಮಾತ್ರ, ರೇಡಿಯೋ ಆನ್ ಆಗಬೇಕಾದ ಕ್ಷಣಕ್ಕೆ ಸರಿಯಾಗಿ, ಉಪಕರಣವನ್ನು ನಡೆಸುವ ಮೈಕ್ರೋಕಂಟ್ರೋಲರ್ ರೀಸೆಟ್ ಆಗತೊಡಗಿತು. ದೋಷ ಪ್ರೋಗ್ರಾಮಿನದೇ ಇರಬೇಕೆಂದು ಅದನ್ನೇ ಹಲವು ದಿನ ತಡಕಾಡಿದೆ. ಕೊನೆಗೆ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದಾಗ, 3.3 ವೋಲ್ಟಿನ ನೇರ ಗೆರೆಯಲ್ಲಿ ಚಾಕುವಿನಿಂದ ಕೊರೆದಂತಹ ಆಳವಾದ ಗೀರು ಕಾಣಿಸಿತು.

ಮಾಡ್ಯೂಲಿನ ಪಕ್ಕದಲ್ಲಿ ಚಾರ್ಜು ಹಿಡಿದಿಡುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇತ್ತು, ಮೈಕ್ರೋಕಂಟ್ರೋಲರಿನ ಕಡೆ ಇದ್ದದ್ದು 100 ಮಾತ್ರ. ಮಾಸ್‌ಫೆಟ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ತೆರೆದುಕೊಂಡಾಗ, 3.3 ವೋಲ್ಟನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಎಚ್ಚೆತ್ತುಕೊಳ್ಳುವ ಮೊದಲೇ ಚಿಕ್ಕದರ ಚಾರ್ಜು ಖಾಲಿಯಿದ್ದ ದೊಡ್ಡದಕ್ಕೆ ಹಂಚಿಹೋಗುತ್ತದೆ; ಆ ಲೆಕ್ಕದಲ್ಲಿ ಉಳಿಯುವುದು ಸುಮಾರು 0.6 ವೋಲ್ಟ್. ನನ್ನ ಬ್ರೌನ್-ಔಟ್ ಮಿತಿ (ವೋಲ್ಟೇಜು ಇದಕ್ಕಿಂತ ಇಳಿದರೆ ಮೈಕ್ರೋಕಂಟ್ರೋಲರ್ ತಾನೇ ರೀಸೆಟ್ ಆಗುತ್ತದೆ) 2.7 ವೋಲ್ಟ್ ಆಗಿದ್ದರಿಂದ ರೀಸೆಟ್ ಆಗದೆ ಬೇರೆ ದಾರಿಯೇ ಇರಲಿಲ್ಲ.

ಹಾಗಾದರೆ ಪರೀಕ್ಷೆಯಲ್ಲಿ ಏಕೆ ಗೊತ್ತಾಗಲಿಲ್ಲ? ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ. ಪರೀಕ್ಷೆಯ ಪ್ರೋಗ್ರಾಮಿನಲ್ಲಿ, ವಿದ್ಯುತ್ ಕಡಿದ ಮೇಲೂ ಮಾಡ್ಯೂಲಿಗೆ ಮಾಹಿತಿ ಕಳಿಸುವ ಸೀರಿಯಲ್ ಪಿನ್ನನ್ನು ಹೈ (3.3 ವೋಲ್ಟ್) ಸ್ಥಿತಿಯಲ್ಲೇ ಬಿಟ್ಟಿದ್ದೆ. ಅದರ ವೋಲ್ಟೇಜು ಮಾಡ್ಯೂಲಿನ ಒಳಗಿನ ರಕ್ಷಣಾ ಡಯೋಡಿನ ಮೂಲಕ ನುಸುಳಿ, ಆ ಕೆಪಾಸಿಟರನ್ನು ಸುಮಾರು 2.7 ವೋಲ್ಟಿನಲ್ಲೇ ಹಿಡಿದಿಟ್ಟಿತ್ತು. ಹೀಗಾಗಿ ಆನ್ ಮಾಡಿದಾಗ ವೋಲ್ಟೇಜು 2.8ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂತಿಮ ಪ್ರೋಗ್ರಾಮಿನಲ್ಲಿ ಸೋರಿಕೆ ತಪ್ಪಿಸಲು ಮಾಡ್ಯೂಲಿಗೆ ಹೋಗುವ ಎಲ್ಲ ಪಿನ್ನುಗಳನ್ನೂ ಲೋ (ಸೊನ್ನೆ ವೋಲ್ಟ್) ಮಾಡಿದೆ. ಅದು ಮಾಡಬೇಕಾದ ಕೆಲಸವೇ ಆಗಿತ್ತು, ಆದರೆ ಒಂದು ತಪ್ಪು ಇನ್ನೊಂದು ತಪ್ಪನ್ನು ಅಲ್ಲಿಯವರೆಗೆ ಮುಚ್ಚಿಟ್ಟಿತ್ತು.

ಈಗ ಆ ಜಾಗದಲ್ಲಿ ಲೋಡ್ ಸ್ವಿಚ್ ಚಿಪ್ ಇದೆ, ಅಂದರೆ ವಿದ್ಯುತ್ತನ್ನು ನಿಧಾನವಾಗಿ ತೆರೆದು ಕೊಡುವ ಸ್ವಿಚ್. ದಯವಿಟ್ಟು ಅದರ ಡೇಟಾಶೀಟಿನಲ್ಲಿ ಔಟ್‌ಪುಟ್ ಏರಿಕೆಯ ಅವಧಿಯನ್ನು ಮೊದಲು ಹುಡುಕಿ. ಕೆಲವು ಚಿಪ್‌ಗಳಲ್ಲಿ ಪುಟ್ಟ ಕೆಪಾಸಿಟರ್ ಹಾಕಿ ಅದನ್ನು ಹೊಂದಿಸಿಕೊಳ್ಳಬಹುದು. ನನ್ನ 470 ಮೈಕ್ರೋಫ್ಯಾರಡನ್ನು 5 ಮಿಲಿಸೆಕೆಂಡಿನಲ್ಲಿ ತುಂಬಿಸಿದರೆ ಬೇಕಾಗುವುದು ಸುಮಾರು 0.31 ಆಂಪಿಯರ್, ಅದನ್ನು ರೆಗ್ಯುಲೇಟರ್ ಸಲೀಸಾಗಿ ಕೊಡುತ್ತದೆ. ಆಫ್ ಮಾಡಿದಾಗ ಔಟ್‌ಪುಟ್ಟನ್ನು ತಾನೇ ಬರಿದು ಮಾಡುವ ಚಿಪ್ ಸಿಕ್ಕರೆ ಇನ್ನೂ ಒಳ್ಳೆಯದು. ರೀಸೆಟ್ ಸಮಯದಲ್ಲಿ ಮೈಕ್ರೋಕಂಟ್ರೋಲರಿನ ಪಿನ್ನುಗಳು ಸಾಮಾನ್ಯವಾಗಿ ಯಾವ ಸ್ಥಿತಿಯೂ ಇಲ್ಲದೆ ತೇಲುವುದರಿಂದ, ಚಿಪ್ಪಿನ ಒಳಗೇ ಇಲ್ಲದಿದ್ದರೆ, ಸ್ವಿಚ್ಚನ್ನು ಆಫ್ ಇರಿಸುವ ರೆಸಿಸ್ಟರ್ ಒಂದನ್ನು ಹೊರಗೆ ಹಾಕಲೇಬೇಕು.

ಬೋರ್ಡ್ ಮಾಡಿಸುವ ಮೊದಲು, ಲೋಡಿನ ಕಡೆಯ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಪೂರ್ತಿ ಬರಿದು ಮಾಡಿ, ಲೋಡಿಗೆ ಹೋಗುವ ಎಲ್ಲ ಪಿನ್ನುಗಳನ್ನೂ ಲೋ ಇರಿಸಿ, ಆಸಿಲೋಸ್ಕೋಪನ್ನು ಮೈಕ್ರೋಕಂಟ್ರೋಲರಿನ ವಿದ್ಯುತ್ ಪಿನ್ನಿಗೇ ಹಚ್ಚಿ ಒಮ್ಮೆ ಆನ್ ಮಾಡಿ ನೋಡಿ.