ಬೇಸಿಗೆ ಶಿಬಿರಕ್ಕೆ ಯಾವ ಒರಿಗಾಮಿ: ಹಳೆಯ ಮಾದರಿಯೋ, ಈಗಿನ ಕಲಾವಿದರದ್ದೋ?

ಏಪ್ರಿಲ್ ಬಂತೆಂದರೆ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಬೇಸಿಗೆ ಶಿಬಿರಗಳ ಭರಾಟೆ. ಫೀಸು ಪಡೆದು ಒರಿಗಾಮಿ, ಅಂದರೆ ಕಾಗದ ಮಡಚುವ ಕಲೆ, ಕಲಿಸುವವರು ಮೊದಲು ಯೋಚಿಸಬೇಕಾದ ವಿಷಯ ಇದು.

ಕೊಕ್ಕರೆ, ನೆಗೆಯುವ ಕಪ್ಪೆ, ದೋಣಿಯಂಥ ಹಳೆಯ ಮಾದರಿಗಳಿಗೆ ಯಾರ ಅಪ್ಪಣೆಯೂ ಬೇಡ. ಕಾಗದದ ಕೊಕ್ಕರೆ 1797ರ ಜಪಾನಿ ಪುಸ್ತಕದಲ್ಲೇ ಇದೆ. ಆದರೆ ಮಾದರಿ ಎಲ್ಲರದ್ದಾದರೂ, ಇಂದಿನ ಪುಸ್ತಕದಲ್ಲಿರುವ ಹಂತಚಿತ್ರ ಬಿಡಿಸಿದವರದ್ದು. ಅದನ್ನು ಜೆರಾಕ್ಸ್ ಮಾಡಿ ಹಂಚಬೇಡಿ. ನಮ್ಮ ಕಡೆಗೆ ಮಡಚುವ ಒಳಮಡಿಕೆಗೆ ತುಂಡುಗೆರೆ, ಹಿಂದಕ್ಕೆ ಮಡಚುವ ಹೊರಮಡಿಕೆಗೆ ಗೆರೆ-ಚುಕ್ಕೆ ಹಾಕಿ ನೀವೇ ಬಿಡಿಸಿ.

ಈಗಿನವರ ಮಾದರಿಗಳ ಸೊಗಸೇ ಬೇರೆ, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಹೊಣೆಯೂ ಹೆಚ್ಚು. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ ಕಲಾವಿದರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತಮ್ಮ ಮಡಿಕೆ ನಕ್ಷೆಗಳನ್ನು (ಎಲ್ಲೆಲ್ಲಿ ಮಡಚಬೇಕೆಂದು ತೋರಿಸುವ ಗೆರೆಚಿತ್ರ) ಕೇಳದೆ ವರ್ಣಚಿತ್ರಗಳಿಗೆ ಬಳಸಿದರೆಂದು ಒರಿಗಾಮಿ ಕಲಾವಿದ ರಾಬರ್ಟ್ ಲ್ಯಾಂಗ್ ಮತ್ತಿತರರು ಚಿತ್ರ ಕಲಾವಿದೆ ಸಾರಾ ಮಾರಿಸ್ ಮೇಲೆ 2011ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದ್ದರು, 2013ರಲ್ಲಿ ರಾಜಿಯಾಯಿತು.

ಕಾನೂನಿಗಿಂತ ನನಗೆ ಮುಖ್ಯ ಮರ್ಯಾದೆ. ಒಂದು ಜೀರುಂಡೆಯ ಆರು ಕಾಲು ಹೊರಡಿಸಲು ಒಬ್ಬರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಅವರಿಗೊಂದು ಇಮೇಲ್ ಬರೆಯಿರಿ: ಯಾವ ಮಾದರಿ, ಎಷ್ಟು ಮಕ್ಕಳು, ಫೀಸು ಎಷ್ಟು, ಹಾಳೆ ಹಂಚುತ್ತೀರಾ, ವಿಡಿಯೋ ಮಾಡುತ್ತೀರಾ. ಉತ್ತರ ಬರಲಿಲ್ಲವೆಂದರೆ ಒಪ್ಪಿದರೆಂದು ಅರ್ಥವಲ್ಲ. ಒಪ್ಪಿದರೆ ಬೋರ್ಡಿನ ಮೇಲೆ ಅವರ ಹೆಸರು ಮೊದಲು ಬರೆಯಿರಿ.

ಹತ್ತು ವರ್ಷದೊಳಗಿನ ಮಕ್ಕಳಾದರೆ ಹಳೆಯವನ್ನೇ ಆರಿಸಿಕೊಳ್ಳಿ, ಅವರಿಗೆ ಅವು ಧಾರಾಳ ಸಾಕು. ಹೈಸ್ಕೂಲಿನವರಿಗಾದರೆ ಒಂದೇ ಒಂದು ಹೊಸ ಮಾದರಿ ಇಟ್ಟುಕೊಂಡು, ಫೆಬ್ರವರಿಯಲ್ಲೇ ಅನುಮತಿ ಕೇಳಿ.