‘ನೆಕ್ಲೇಸ್’ ಒಂದು ಸಲಕ್ಕೆ, ಚೆಕಾಫ್ ವರ್ಷ ವರ್ಷಕ್ಕೆ

ಮತ್ತೆ ಮತ್ತೆ ಓದಲು ಒಂದೇ ಕತೆ ಇಟ್ಟುಕೊಳ್ಳಿ ಎಂದರೆ ನನ್ನ ಆಯ್ಕೆ ರಷ್ಯನ್ ಕತೆಗಾರ ಚೆಕಾಫನ ‘ನಾಯಿ ಜತೆಗಿನ ಮಹಿಳೆ’ (1899). ಎದುರಾಳಿ ಫ್ರೆಂಚ್ ಕತೆಗಾರ ಮೊಪಾಸಾನ ‘ನೆಕ್ಲೇಸ್’ (1884): ಗೆಳತಿಯಿಂದ ಎರವಲು ತಂದ ವಜ್ರದ ಸರ ಕಳೆದುಕೊಂಡವಳು ಸಾಲ ಮಾಡಿ ಹೊಸದು ಕೊಡುತ್ತಾಳೆ, ಕಳೆದದ್ದು ನಕಲಿ ಎಂದು ಕೊನೆಗೆ ತಿಳಿಯುತ್ತದೆ. ಮೊದಲ ಓದಿನಲ್ಲಿ ಗೆಲ್ಲುವುದು ಇದೇ, ತಕರಾರಿಲ್ಲ.

ಎರಡನೇ ಓದಿನಲ್ಲೂ ‘ನೆಕ್ಲೇಸ್’ ಪೂರ್ತಿ ಸೋಲುವುದಿಲ್ಲ. ಸರ ನಕಲಿ ಎಂದು ಗೊತ್ತಿದ್ದು ಓದಿದಾಗ ಒಡವೆ ಅಂಗಡಿಯವನ ಮಾತು ಚುರುಕ್ ಎನ್ನುತ್ತದೆ: ಸರ ಮಾರಿದ್ದು ನಾನಲ್ಲ, ಡಬ್ಬಿ ಮಾತ್ರ ಕೊಟ್ಟಿರಬೇಕು. ಸುಳಿವು ಅಲ್ಲೇ ಇತ್ತು! ಮೂರನೇ ಸಲಕ್ಕೆ ಉಳಿಯುವುದು ಲೆಕ್ಕ ಮಾತ್ರ: 36,000 ಫ್ರಾಂಕಿನ ಹೊಸ ಸರ, ಸಾಲ ತೀರಿಸಲು ಹತ್ತು ವರ್ಷ, ಕಳೆದದ್ದರ ಬೆಲೆ ಹೆಚ್ಚೆಂದರೆ 500.

ಚೆಕಾಫನ ಕತೆಯಲ್ಲಿ ಬಯಲಾಗುವ ಗುಟ್ಟೇ ಇಲ್ಲ. ಬೇರೆ ಬೇರೆ ಕಡೆ ಮದುವೆಯಾಗಿರುವ ಗೂರೊವ್, ಆನ್ನಾ ಇಬ್ಬರೂ ರಜೆಗೆ ಬಂದ ಕಡಲತೀರದ ಊರು ಯಾಲ್ಟಾದಲ್ಲಿ ಹತ್ತಿರವಾಗುತ್ತಾರೆ. ಯಾಲ್ಟಾದ ಹೋಟೆಲ್ ಕೋಣೆಯಲ್ಲಿ ಆನ್ನಾ ಕುಗ್ಗಿ ಕೂತಿದ್ದರೆ ಗೂರೊವ್ ಕಲ್ಲಂಗಡಿ ಹೋಳು ಕೊಯ್ದುಕೊಂಡು ನಿಧಾನಕ್ಕೆ ತಿನ್ನುತ್ತಾನೆ. ಅರ್ಧ ಗಂಟೆ ಮಾತಿಲ್ಲ. ಮುಂದೆ ಮಾಸ್ಕೋದಲ್ಲಿ ಅವನು ಅವಳ ಬಗ್ಗೆ ಬಾಯಿಬಿಟ್ಟಾಗ ಜತೆಗಾರ ಹೇಳುವುದು, ಊಟದ ಮೀನು ಹಳಸಿತ್ತು ಎಂದು. ಅವಳ ಅಳುವಿಗೆ ಇವನು ಕೊಟ್ಟ ಬೆಲೆಯೇ ಇವನಿಗೂ ಸಿಕ್ಕಿತು. ಮೀನಿಗೂ ಕಲ್ಲಂಗಡಿಗೂ ಇರುವ ಈ ನಂಟು ಮೊದಲ ಓದಿಗೆ ಕಾಣುವುದು ಕಷ್ಟ.

ಕಿರಿಕಿರಿ ಇರುವುದು ಅನುವಾದದಲ್ಲಿ. ಕನ್ನಡದಂತೆ ರಷ್ಯನ್ನಿನಲ್ಲೂ ನೀನು, ನೀವು ಎರಡೂ ಇವೆ. ಆ ಹೋಟೆಲ್ ಕೋಣೆಯಲ್ಲಿ ಗೂರೊವ್ ಆಗಲೇ ಏಕವಚನಕ್ಕೆ ಇಳಿದಿದ್ದಾನೆ, ಆನ್ನಾ ಮಾತ್ರ ‘ನೀವು’ ಬಿಟ್ಟಿಲ್ಲ. ತಿಂಗಳುಗಳಾದ ಮೇಲೆ ಅವಳ ಊರಿನ ಥಿಯೇಟರಿನ ಕತ್ತಲೆ ಮೆಟ್ಟಿಲಲ್ಲಿ ಅಂಗಲಾಚುವಾಗ ಅವನ ಬಾಯಲ್ಲೂ ‘ನೀವು’ ಬರುತ್ತದೆ. ಯಾಲ್ಟಾದ ಸಲುಗೆ ಕರಗಿ ಪ್ರೀತಿ ಬಂದಿದೆ ಎಂದು ಚೆಕಾಫ್ ಎಲ್ಲೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಒಂದೇ ‘ಯೂ’ನಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ಅಲ್ಲಿಂದ ಕನ್ನಡಕ್ಕೆ ತರುವವರು ಊಹೆಯ ಮೇಲೆ ನಡೆಯಬೇಕು: ಇಬ್ಬರಿಗೂ ‘ನೀನು’ ಹಾಕಿದರೆ ಅವಳ ಅಂಜಿಕೆ ಹೋಯಿತು, ಇಬ್ಬರಿಗೂ ‘ನೀವು’ ಹಾಕಿದರೆ ಅವನ ಉಡಾಫೆ ಹೋಯಿತು. ಪುಸ್ತಕ ಕೈಗೆ ಸಿಕ್ಕ ಕೂಡಲೇ ಎರಡನೇ ಭಾಗದ ಕಲ್ಲಂಗಡಿ, ಮೂರನೇ ಭಾಗದ ಮೆಟ್ಟಿಲು, ಈ ಎರಡು ಜಾಗ ತೆರೆದು ನೋಡಿ. ಸಂಬೋಧನೆ ಬದಲಾಗಿದ್ದರೆ ಧೈರ್ಯವಾಗಿ ಓದಿ. ಇಲ್ಲದಿದ್ದರೆ ಬೇರೆ ಅನುವಾದ ಹುಡುಕಿ.

‘ನೆಕ್ಲೇಸ್’ಗೆ ಈ ಕಷ್ಟವಿಲ್ಲ, ಒರಟು ಅನುವಾದದಲ್ಲೂ ಕೊನೆಯ ಏಟು ತಾಗುತ್ತದೆ. ಒಂದೇ ಸಲ, ಕೂತಲ್ಲೇ ಮುಗಿಸುವವರಿಗೆ ಅದೇ ಸರಿ. ನನ್ನದು ರಾತ್ರಿಗೊಂದು ಭಾಗ ಓದುವ ಅಭ್ಯಾಸ. ಚೆಕಾಫನ ನಾಲ್ಕು ಭಾಗಕ್ಕೆ ನಾಲ್ಕು ರಾತ್ರಿ.