ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ: ರಸ್ತೆ ಚೆನ್ನಾಗಿದೆ, ಲೇನ್ ಪಾಲಿಸಿದರೆ ಮಾತ್ರ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆಯ ಬಗ್ಗೆ ಮಾತು ಬಂದರೆ ಎಲ್ಲರೂ ಕೇಳುವುದು ಮೈಸೂರಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಎಂದು. ಟೋಲ್ ಕೊಟ್ಟಿದ್ದಕ್ಕೆ ಸಿಗುವ ನಿಜವಾದ ಸೌಲಭ್ಯ ಬೇರೆಯೇ ಇದೆ. ಪ್ರತಿ ದಿಕ್ಕಿಗೂ ಮೂರು ಲೇನ್, ನಡುವೆ ಡಿವೈಡರ್, ಎರಡೂ ಬದಿ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಊರೊಳಗೆ ಹೋಗದಂತೆ ಬೈಪಾಸ್‌ಗಳು. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ಇಷ್ಟೆಲ್ಲ ಇದ್ದೂ ಅಪಾಯ ಉಳಿದಿರುವುದಕ್ಕೆ ಮುಖ್ಯ ಕಾರಣ, ನೆಲದ ಮೇಲಿನ ಗೆರೆಯನ್ನು ಅಲಂಕಾರದಂತೆ ನೋಡುವ ಅಭ್ಯಾಸ.

ಒಂದು ಲೇನ್‌ನ ಅಗಲ ಮೂರೂವರೆ ಮೀಟರ್. ಸಾಮಾನ್ಯ ಕಾರಿನ ಅಗಲ ಸುಮಾರು 1.8 ಮೀಟರ್. ನಟ್ಟನಡುವೆ ಓಡಿಸಿದರೂ ಎರಡೂ ಕಡೆ ಉಳಿಯುವುದು 85 ಸೆಂಟಿಮೀಟರ್. ಇಲ್ಲಿ ಕಾರಿನ ಮಿತಿ ಗಂಟೆಗೆ 100 ಕಿ.ಮೀ., ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಈ ವೇಗದಲ್ಲಿ ಕಾರು ಬರೀ ಎರಡು ಡಿಗ್ರಿ ವಾಲಿದರೂ ಒಂದು ಸೆಕೆಂಡಿಗೆ ಮೊದಲೇ ಚಕ್ರ ಗೆರೆ ಮುಟ್ಟಿರುತ್ತದೆ. ಮೊಬೈಲ್ ಕಡೆ ಕಣ್ಣು ಹಾಯಿಸಿ ವಾಪಸ್ ತರುವ ಹೊತ್ತು ಇದಕ್ಕಿಂತ ಹೆಚ್ಚು. ಬಸ್ಸು, ಲಾರಿಗಳಿಗಂತೂ ಪಕ್ಕದಲ್ಲಿ ಉಳಿಯುವ ಜಾಗ ಇದರ ಅರ್ಧ. ಗೆರೆಯನ್ನು ಎರಡು ಚಕ್ರಗಳ ನಡುವೆ ಇಟ್ಟುಕೊಂಡು ಓಡಿಸುವವರು ಒಂದೇ ಹೊತ್ತಿಗೆ ಎರಡು ಲೇನ್‌ನವರ ಈ ಅಂತರವನ್ನೂ ನುಂಗಿಬಿಡುತ್ತಾರೆ.

ಈ ರಸ್ತೆಯ ಅತಿ ಕೆಟ್ಟ ಚಾಳಿ ಬಲಗಡೆಯ ಲೇನ್‌ನಲ್ಲಿ ತಳವೂರುವುದು. ಆ ಲೇನ್ ಇರುವುದು ಓವರ್‌ಟೇಕ್‌ಗೆ. ಮುಂದಿನ ಗಾಡಿ ದಾಟಿದ ಮೇಲೆ ಎಡಕ್ಕೆ ಮರಳಬೇಕು. 80ರಲ್ಲಿ ಹೋಗುವ ಲಾರಿ ಅಲ್ಲೇ ಕೂತರೆ ಹಿಂದಿನವರು ಎಡದಿಂದ ನುಗ್ಗುತ್ತಾರೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ಹಾಗಾಗಿ ಲಾರಿಯ ಎಡಮಗ್ಗುಲು ಅವನಿಗೆ ಸರಿಯಾಗಿ ಕಾಣುವುದಿಲ್ಲ. ಕ್ಯಾಬಿನ್‌ಗೆ ಅಂಟಿಕೊಂಡಂತೆ ಬಂದ ಕಾರು ಕನ್ನಡಿಯಲ್ಲೂ ಸಿಗದೆ ಹೋಗಬಹುದು. ಅದೇ ಕ್ಷಣ ಲಾರಿ ಎಡಕ್ಕೆ ಎಳೆದರೆ ಕಾರಿನವರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ತಪ್ಪು ಇಬ್ಬರದೂ ಇದೆ, ಏಟು ಬೀಳುವುದು ಚಿಕ್ಕ ಗಾಡಿಗೆ.

ಲೇನ್ ಬದಲಿಸುವ ಸರಿಯಾದ ಕ್ರಮ ಇಷ್ಟೇ: ಒಳಗನ್ನಡಿ, ಹೊರಗನ್ನಡಿ, ಇಂಡಿಕೇಟರ್, ಕನಿಷ್ಠ ಮೂರು ಸೆಕೆಂಡ್ ಕಾಯುವುದು, ಭುಜದ ಮೇಲಿಂದ ಒಂದು ನೋಟ, ಆಮೇಲೆ ನಿಧಾನವಾಗಿ ಒಂದೇ ಲೇನ್. ಎರಡು ಲೇನ್ ಒಟ್ಟಿಗೆ ಹಾರಬಾರದು. ಸ್ಟೀರಿಂಗ್ ತಿರುಗಿಸುತ್ತಾ ಹಾಕಿದ ಇಂಡಿಕೇಟರ್‌ನಿಂದ ಹಿಂದಿನವರಿಗೆ ಏನೂ ಉಪಯೋಗವಿಲ್ಲ. ನೂರರ ವೇಗದಲ್ಲಿ ಮೂರು ಸೆಕೆಂಡ್ ಅಂದರೆ 80 ಮೀಟರ್‌ಗೂ ಹೆಚ್ಚು ದಾರಿ, ಬ್ರೇಕ್ ಹಿಡಿಯಲು ಅವರಿಗೆ ಬೇಕಿರುವುದು ಅದೇ.

ರಸ್ತೆ ಸೋಲುವುದು ಎಂಟ್ರಿ, ಎಗ್ಸಿಟ್‌ಗಳಲ್ಲಿ. ಸರ್ವಿಸ್ ರಸ್ತೆಯಿಂದ 40ರಲ್ಲಿ ಬರುವ ಗಾಡಿ ನೂರರಲ್ಲಿ ಹರಿಯುವ ಸಾಲಿಗೆ ಸೇರಬೇಕು. ಎಂಟ್ರಿ ಹತ್ತಿರವಾದಾಗ ಸಾಧ್ಯವಿದ್ದರೆ ನಡುವಿನ ಲೇನ್‌ಗೆ ಸರಿದು ಅವರಿಗೆ ಜಾಗ ಬಿಡಿ. ಎಗ್ಸಿಟ್‌ನ ಮೂಲೆಯಲ್ಲಿ ಬಳಿದಿರುವ ಓರೆ ಪಟ್ಟೆಗಳು ಗಾಡಿ ಹಾಯಿಸುವ, ನಿಲ್ಲಿಸುವ ಜಾಗವಲ್ಲ. ಇಳಿಯುವ ದಾರಿ ತಪ್ಪಿತೇ, ಮುಂದಿನ ಎಗ್ಸಿಟ್‌ವರೆಗೆ ಹೋಗಿ. ಆ ಪಟ್ಟೆ ದಾಟಿ ಕೊನೇ ಗಳಿಗೆಯಲ್ಲಿ ಎಡಕ್ಕೆ ಕತ್ತರಿಸುವುದು, ಇಲ್ಲವೇ ರಿವರ್ಸ್ ಬರುವುದು ಹಿಂದಿನಿಂದ ಗುದ್ದಿಸಿಕೊಳ್ಳುವ ಖಚಿತ ದಾರಿ.

ಮಳೆ ರಾತ್ರಿಗೆ ಬೇರೆ ಎಚ್ಚರಿಕೆ ಬೇಕು. ಇಂಥ ಗೆರೆಗಳಿಗೆ ಬಳಸುವುದು ಕಾಯಿಸಿ ಬಳಿಯುವ ಥರ್ಮೋಪ್ಲಾಸ್ಟಿಕ್, ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ, ಮೇಲೆ ಉದುರಿಸಿದ ಗಾಜಿನ ಮಣಿಗಳು. ಹೆಡ್‌ಲೈಟ್ ಬೆಳಕನ್ನು ನಮ್ಮ ಕಣ್ಣಿಗೆ ಹಿಂತಿರುಗಿಸುವುದು ಆ ಮಣಿಗಳೇ. ನೀರಿನ ಪದರ ಅವುಗಳನ್ನು ಮುಚ್ಚಿದರೆ ಬೆಳಕು ಬೇರೆಲ್ಲೋ ಚೆದುರಿ ಗೆರೆ ಮಾಯವಾಗುತ್ತದೆ. ಆಗ ನೆಲದಲ್ಲಿ ಕೂರಿಸಿದ ಹೊಳೆಯುವ ಸ್ಟಡ್‌ಗಳನ್ನು ನೋಡಿ ಓಡಿಸಿ, ವೇಗ ಇಳಿಸಿ. ಕಾರಿನಲ್ಲಿ ಲೇನ್ ಎಚ್ಚರಿಕೆಯ ವ್ಯವಸ್ಥೆ ಇದ್ದರೂ ಅದನ್ನು ನಂಬಿ ಕೂರಬೇಡಿ. ಗಾಜಿನ ಹಿಂದಿನ ಕ್ಯಾಮೆರಾ ನೋಡುವುದೂ ಇದೇ ಗೆರೆಯನ್ನು. ಗೆರೆ ಕಾಣದಿದ್ದರೆ ಅದು ಸುಮ್ಮನಾಗುತ್ತದೆ.

ಇನ್ನು ದಂಡ. ಲೇನ್ ಶಿಸ್ತು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಗೆ ಸೇರಿದ್ದು. ಅದನ್ನು ಮುರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಮಿನಡಿ 500ರಿಂದ 1,000 ರೂಪಾಯಿ. ಮೊತ್ತ ಚಿಕ್ಕದು ಎಂದು ಉಪೇಕ್ಷೆ ಬೇಡ. ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡಿ ಅಪಾಯ ತಂದೊಡ್ಡಿದರೆ, ಎದುರು ದಿಕ್ಕಿನಲ್ಲಿ ಬಂದರೆ 184ನೇ ಕಲಂ ಬೀಳುತ್ತದೆ: ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ 130 ಕಿ.ಮೀ. ಮೀರಿದರೆ ಎಫ್‌ಐಆರ್. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಸಜೆ.

ಪರಿಹಾರದ ವಿಷಯ ಇನ್ನೂ ಕಠಿಣ. ನಿಮ್ಮ ಗಾಡಿ ಗೆರೆ ದಾಟಿದ್ದು ಸಾಬೀತಾದರೆ ನಿಮ್ಮ ಪಾಲಿನ ತಪ್ಪಿನಷ್ಟು ಹಣವನ್ನು ನ್ಯಾಯಮಂಡಳಿ ಕಡಿತ ಮಾಡಬಹುದು. ಅರಸೀಕೆರೆ ದಾರಿಯ ಒಂದು ಅಪಘಾತದ ಪ್ರಕರಣದಲ್ಲಿ, ಸ್ವಂತ ಅತಿವೇಗ ಮತ್ತು ದುಡುಕಿನಿಂದಲೇ ಸತ್ತವರ ಕುಟುಂಬಕ್ಕೆ ಪರಿಹಾರ ಸಿಗದು ಎಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಎತ್ತಿಹಿಡಿಯಿತು.

ಕ್ಯಾಮೆರಾ ಹಿಡಿದ ತಪ್ಪಿಗೆ ನೋಟಿಸ್ 15 ದಿನದೊಳಗೆ ಮಾಲೀಕರಿಗೆ ಬರಬೇಕು ಎಂದು ಕೇಂದ್ರದ ನಿಯಮ ಹೇಳುತ್ತದೆ. ಬಂದ ಕೂಡಲೇ ಚಿತ್ರದಲ್ಲಿರುವ ನಂಬರ್ ಪ್ಲೇಟ್, ಜಾಗ, ಸಮಯ ತಾಳೆ ನೋಡಿ. ಗಾಡಿ ನಿಮ್ಮದಲ್ಲದಿದ್ದರೆ ಇ-ಚಲನ್ ಜಾಲತಾಣದಲ್ಲಿ ದೂರು ಕೊಡಿ, ನಿಮ್ಮದೇ ಆಗಿದ್ದರೆ ಕಟ್ಟಿಬಿಡಿ.